ಮುಂಜಾನೆ ಮಾತ್ರ ಬಿಗಿಯುವ ಸ್ಟೇರಿಂಗ್

ಬೆಳಗಿನ ಏಳಕ್ಕೆ ಕೆಟ್ಟು ಮಧ್ಯಾಹ್ನದ ಹನ್ನೆರಡಕ್ಕೆ ತಾನಾಗಿಯೇ ನೆಟ್ಟಗಾಗುವ ಗಾಡಿಯನ್ನು ನಾನು ನಂಬುತ್ತಿರಲಿಲ್ಲ. ಅಂಥ ಗಾಡಿಯ ಕಥೆ ಹೇಳಿಕೊಂಡು ಬರುವ ಡ್ರೈವರನನ್ನಂತೂ ನಂಬುತ್ತಲೇ ಇರಲಿಲ್ಲ. ಕಬ್ಬಿಣಕ್ಕೆ ನೆಪ ಹೇಳಲು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಆಗಿನ ದಿನಗಳಲ್ಲಿ ಇದೇ ನನ್ನ ಸಿದ್ಧಾಂತವಾಗಿತ್ತು, ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಸಂಸ್ಥಾನಗಳು ಇನ್ನೂ ಇದ್ದ ಕಾಲ. ಜಮಖಂಡಿಯ ಸಂತೆ ಬಯಲಿನ ಪಕ್ಕ ತಗಡಿನ ಛಪ್ಪರದ ಕೆಳಗೆ ನನ್ನ ರಿಪೇರಿ ಕೆಲಸ. ತೇರದಾಳದ ಒಬ್ಬ ಜೈನ ಸಾವಕಾರರು ಒಂದು ಬಸ್ಸು ಇಟ್ಟಿದ್ದರು. ಬೆಳಿಗ್ಗೆ ತೇರದಾಳ ಬಿಟ್ಟು ರಬಕವಿ, ಬನಹಟ್ಟಿ ಮೇಲೆ ಹಾಯ್ದು ಜಮಖಂಡಿಗೆ ಬರುತ್ತಿತ್ತು, ಅಲ್ಲಿಂದ ಮುಧೋಳಕ್ಕೆ ಹೋಗಿ ಸಂಜೆ ಅದೇ ದಾರಿಯಲ್ಲಿ ಮರಳುತ್ತಿತ್ತು. ಒಳಗೆ ಜನ, ತಲೆಯ ಮೇಲೆ ನೂಲಿನ ಪಿಂಡಿ, ಸೀರೆಯ ಗಂಟು. ಆ ಗಾಡಿಯ ರಿಪೇರಿಯ ಉಸ್ತುವಾರಿ ಮೊದಲಿನಿಂದ ನನ್ನದೇ ಇತ್ತು, ಅದು ರಸ್ತೆಗೆ ಯೋಗ್ಯ ಎಂದು ಕಚೇರಿಗೆ ಬರೆದುಕೊಡುವವನೂ ನಾನೇ.

ಮಾರ್ಗಶಿರ ಮಾಸದಲ್ಲಿ ಆ ವರ್ಷ ಚಳಿ ಬೇಗ ಬಿತ್ತು. ಒಂದು ಮುಂಜಾನೆ ತೇರದಾಳ ಬಿಟ್ಟು ಎರಡು ಮೈಲಿ ಬಂದ ಬಸ್ಸು ಹಳ್ಳದ ತಿರುವಿನಲ್ಲಿ ತಿರುಗದೆ ನೇರ ಜೋಳದ ಹೊಲಕ್ಕೆ ಇಳಿಯಿತು. ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿಯ ತೋಳು ಮುರಿಯಿತು. ಫೌಜದಾರರು ಬಂದು ಡ್ರೈವರನ ಅಂಗಿಯ ಮೇಲಿದ್ದ ಹಿತ್ತಾಳೆಯ ಬಿಲ್ಲೆಯನ್ನು ಅಲ್ಲೇ ಬಿಚ್ಚಿಸಿಕೊಂಡರು. ಬಿಲ್ಲೆ ಇಲ್ಲದವನು ಬಾಡಿಗೆ ಗಾಡಿ ಹೊಡೆಯುವಂತಿರಲಿಲ್ಲ. ತಪ್ಪು ಗಾಡಿಯದೋ ಮನುಷ್ಯನದೋ ಎಂಬುದನ್ನು ಮಿಸ್ತ್ರಿಯಾದ ನಾನು ಅಮಾವಾಸ್ಯೆಯೊಳಗೆ ಬರೆದುಕೊಡಬೇಕು, ಮನುಷ್ಯನದಾದರೆ ಬಿಲ್ಲೆ ರದ್ದು, ಇಷ್ಟು ಅವರ ಹುಕುಂ.

ನಾಲ್ಕು ಜೋಡಿ ಎತ್ತು ಕಟ್ಟಿ ಬಸ್ಸನ್ನು ಹೊಲದಿಂದ ಎಳೆದರು. ಸಾವಕಾರರ ತಮ್ಮನಿಗೂ ಗಾಡಿ ಹೊಡೆಯಲು ಬರುತ್ತಿತ್ತು, ಬಿಲ್ಲೆಯೂ ಇತ್ತು. ಅವನು ಮಧ್ಯಾಹ್ನ ಅದನ್ನು ನನ್ನಲ್ಲಿಗೆ ತಂದ. ಹಿಂದೆ ಡ್ರೈವರ್ ಕೂತಿದ್ದ. ಅನಗವಾಡಿಯ ಕಡೆಯ ಆಳು, ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ನನಗೆ ಮೊದಲೇ ಒಂದು ಕಣ್ಣು.

"ಏನಾತಪಾ?" ಎಂದು ಕೇಳಿದೆ.

"ಮುಂಜಾನಿ ಸ್ಟೇರಿಂಗ್ ತಿರಗಂಗಿಲ್ರಿ. ಜೋರ ಮಾಡಿ ತಿರುವಿದ್ರ ಹೊಳ್ಳಿ ಬರಂಗಿಲ್ಲ. ಎಂಟ ದಿನಾ ಆತು, ಸಾವಕಾರ್ರಿಗೂ ಹೇಳೇನಿ."

ಸೀಟಿಗೆ ಹತ್ತಿ ಚಕ್ರ ಹಿಡಿದು ನೋಡಿದೆ. ಎರಡು ಬೆರಳಿಗೆ ತಿರುಗಿತು.

"ಮತ್ತ ಈಗ್ಯಾಕ ತಿರಗತೈತಿ?"

"ಅದ ನನಗೂ ತಿಳಿವಲ್ದರಿ."

ಕ್ರಮ ತಪ್ಪದೆ ಎಲ್ಲವನ್ನೂ ನೋಡಿದೆ, ಅದರಲ್ಲಿ ನನ್ನ ತಪ್ಪು ಇರಲಿಲ್ಲ. ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಗಾಲಿ ಎತ್ತಿದೆ. ಗಾಲಿ ಹಿಡಿದು ಅಲುಗಿಸಿದೆ, ಸಡಿಲ ಹೆಚ್ಚಿಲ್ಲ. ಎರಡು ಗಾಲಿಗಳನ್ನು ಕೂಡಿಸುವ ಅಡ್ಡ ಸಲಾಕೆ ಹೊಲಕ್ಕೆ ಇಳಿದ ಪೆಟ್ಟಿಗೆ ತುಸು ಬಾಗಿತ್ತು, ಬಿಚ್ಚಿ ನೆಟ್ಟಗೆ ಮಾಡಿ ಹಾಕಿದೆ. ಟೈರಿನ ಗಾಳಿ ನೋಡಿದೆ, ಗಾಡಿಯ ಭಾರ ಹೊರುವ ಕಮಾನಿನ ಪಾಟಾ ನೋಡಿದೆ. ಕೊನೆಗೆ ಸ್ಟೇರಿಂಗ್ ಕಂಬದ ಬುಡದಲ್ಲಿರುವ ಪೆಟ್ಟಿಗೆಯ ಬಿರಡೆ ತೆಗೆದೆ. ಚಕ್ರದ ತಿರುವನ್ನು ಗಾಲಿಗೆ ಮುಟ್ಟಿಸುವ ಹಲ್ಲುಗಳು ಇರುವುದು ಆ ಪೆಟ್ಟಿಗೆಯಲ್ಲಿ, ಅವು ಎಣ್ಣೆಯಲ್ಲಿ ಮುಳುಗಿರಬೇಕು. ಬೆರಳು ಅದ್ದಿದೆ, ಕಂಠಮಟ ಕರಿ ಎಣ್ಣೆ. ಇದೆಯೋ ಇಲ್ಲವೋ ಎಂದಷ್ಟೇ ನೋಡಿದೆ, ಯಾವುದು ಎಂದು ನೋಡಲಿಲ್ಲ. ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆದದ್ದು ನಿಜ. ಡ್ರೈವರ್ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದ, ಅವನ ತಲೆ ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿತ್ತು. "ದೂರ ಸರಿ" ಎಂದು ಅವನನ್ನೇ ಗದರಿಸಿ ಬಿರಡೆ ತಿರುವಿದೆ.

ಮರುದಿನ ಸಾವಕಾರರೇ ಬಂದರು. ಸೂರ್ಯ ಮುಳುಗುವ ಮೊದಲು ಉಂಡು ಮುಗಿಸುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನುಷ್ಯ. ದನಿ ಎತ್ತಿ ಮಾತಾಡಿದವರಲ್ಲ. ಅಂದು ಮಾತ್ರ ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು.

"ಮಿಸ್ತ್ರಿ, ಮುಧೋಳದಾಗ ಹೊಸಾ ಗಾಡಿ ಬಿಡಾವ್ರ ಅದಾರ ಅಂತ ಸುದ್ದಿ ಐತಿ. ಇವನ್ನ ಅವ್ರು ಒಳಗ ಹಾಕ್ಕೊಂಡಾರೇನೋ ಅಂತ ನನಗ ಸಂಶೆ."

"ಏನರೆ ಗುರ್ತು ಐತೇನ್ರಿ?"

"ಗುರ್ತ ಸಿಕ್ಕಿದ್ರ ಅದನ್ನ ಸಂಶೆ ಅಂತಾರೇನ?"

ಮಾತು ನನಗೆ ಒಪ್ಪಿಗೆಯಾಯಿತು. ನನ್ನ ತಲೆಯಲ್ಲೂ ಒಂದು ಹುಳು ಇತ್ತು: ಇವನು ಕುಡಿದಿರಬೇಕು. ಮುಂಜಾನೆಯ ಚಳಿಗೆ ಒಂದು ಗುಟುಕು ಹಾಕುವವರನ್ನು ನಾನು ಕಂಡಿದ್ದೆ. ಮೂರನೆಯ ದಿನ ಬೆಳಿಗ್ಗೆ ಡ್ರೈವರ್ ಬಂದು ಛಪ್ಪರದ ಕಂಬಕ್ಕೆ ಒರಗಿ ನಿಂತಾಗ ನಾಲ್ಕು ಜನರ ಎದುರಿಗೇ ಅವನ ಮುಖದ ಹತ್ತಿರ ಹೋಗಿ "ಬಾಯಿ ತಗಿ" ಎಂದೆ. ಅವನು ತೆಗೆದ. ಉಳ್ಳಾಗಡ್ಡಿ ಮತ್ತು ರೊಟ್ಟಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿದ್ದವರು ನಕ್ಕರು, ನಾನೂ ನಕ್ಕೆ.

ಅವನು ಬಾಯಿ ಒರೆಸಿಕೊಂಡು, "ಬಿಲ್ಲೆ ಹ್ವಾದ್ರ ನಾ ಮತ್ತ ಕಂಡವರ ಎತ್ತಿನ ಬಾಲಾ ಹಿಡೀಬೇಕ್ರಿ. ಈ ವಯಸ್ಸಿಗೆ ಯಾರ ಇಟಗೋತಾರ? ಛಲೋತ್ನ್ಯಾಗ ನೋಡ್ರಿ" ಎಂದಷ್ಟೇ ಹೇಳಿದ. ಆ ಮಾತು ನನ್ನನ್ನು ಕರಗಿಸಬೇಕಿತ್ತು. ಬದಲಿಗೆ, ಇಷ್ಟು ನಯವಾಗಿ ಮಾತಾಡುವವನು ಏನನ್ನೋ ಮುಚ್ಚುತ್ತಿದ್ದಾನೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆದರೂ ಕಣ್ಣುಮುಚ್ಚಿ ಬರೆದುಕೊಡುವ ಧೈರ್ಯವಾಗಲಿಲ್ಲ. ಗಾಲಿ ಎಡಬಲ ತಿರುಗುವುದು ಒಂದು ದಪ್ಪ ಮೊಳೆಯ ಮೇಲೆ. ಆ ಮೊಳೆಯ ಸುತ್ತಿನ ಹಿತ್ತಾಳೆಯ ಬುಶ್‌ಗಳು ಸ್ವಲ್ಪ ಸವೆದಿದ್ದವು. ಅವನ್ನು ಹೊಸದಾಗಿ ಕಡೆಸಿ ಹಾಕಿ, ಗ್ರೀಸ್ ತುಂಬಿ, ಮೂರು ದಿನ ದುಡಿದೆ. ಹೊತ್ತೇರಿದ ಮೇಲೆ ಬನಹಟ್ಟಿಯವರೆಗೆ ಎರಡು ಸಲ ಹೋಗಿ ಬಂದೆವು, ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸು. ಗಾಡಿ ತೇರದಾಳಕ್ಕೆ ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿದೆ. ಸ್ಟೇರಿಂಗಿಗೆ ಸಂಬಂಧಪಟ್ಟ ಪ್ರತಿ ನಟ್ಟಿನ ಮೇಲೂ, ಪೆಟ್ಟಿಗೆಯ ಬಿರಡೆಯ ಮೇಲೂ ಕೆಂಪು ಬಣ್ಣದ ಒಂದೊಂದು ಗೆರೆ ಎಳೆದೆ. ಯಾರಾದರೂ ಪಾನಾ ಹಾಕಿ ತಿರುವಿದರೆ ಗೆರೆ ಮುರಿಯುತ್ತದೆ. ಇದನ್ನು ಸಾವಕಾರರಿಗೂ ಹೇಳಲಿಲ್ಲ, ಅವರ ತಮ್ಮನಿಗೂ ಹೇಳಲಿಲ್ಲ. ಆ ಹೊತ್ತಿಗೆ ಅವರ ಮೇಲೂ ಒಂದು ಅನುಮಾನ ಹುಟ್ಟಿತ್ತು, ಗಾಡಿಯ ತಲೆಯ ಮೇಲೆ ಅಳತೆ ಮೀರಿ ನೂಲು ಹೇರಿ ತಪ್ಪನ್ನು ಆಳಿನ ಮೇಲೆ ಹಾಕುತ್ತಿದ್ದಾರೆಂದು.

ಎರಡನೆಯ ಮುಂಜಾನೆಯೇ ಸುದ್ದಿ ಬಂತು. ತೇರದಾಳದ ಓಣಿಯಲ್ಲಿ ಗಾಡಿ ತಿರುಗಿಸುವಾಗ ಸ್ಟೇರಿಂಗ್ ಬಿಗಿದು ಬಸ್ಸು ಒಂದು ಮನೆಯ ಕಟ್ಟೆಗೆ ಹಾಯ್ದಿದೆ. ಯಾರಿಗೂ ಏನೂ ಆಗಿಲ್ಲ. ಹೊಡೆಯುತ್ತಿದ್ದವನು ಸಾವಕಾರರ ತಮ್ಮ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ ಎಂದು ಆಗ ತಿಳಿಯಿತು. ಆದರೆ ಜ್ವರ ಎಲ್ಲಿದೆ ಎಂಬುದು ತಿಳಿಯಲಿಲ್ಲ. ಸಾವಕಾರರು ಚೀಟಿ ಬರೆಸಿ ಕಳಿಸಿದ್ದರು: ಡ್ರೈವರ್ ಇದೇ ಊರಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ರಾತ್ರಿ ಬಂದು ಏನೋ ಮಾಡಿ ಹೋಗಿದ್ದಾನೆ. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು.

ಅಂದು ಊಟವಾದ ಮೇಲೆ ಕೂತು ಯೋಚಿಸಿದೆ. ಇಷ್ಟು ದಿನ ಯಾರು, ಯಾರು ಎಂದು ಕೇಳಿದ್ದೆನೇ ಹೊರತು ಯಾವಾಗ ಎಂದು ಕೇಳಿರಲಿಲ್ಲ. ಎರಡು ಸಲವೂ ಆದದ್ದು ತೇರದಾಳದಲ್ಲಿ, ಬಿಸಿಲು ಬೀಳುವ ಮೊದಲು. ನಾನು ನೋಡಿದ್ದೆಲ್ಲ ಜಮಖಂಡಿಯಲ್ಲಿ, ಎಂಜಿನ್ ಕಾದ ಮೇಲೆ, ಮೈ ಬೆವರುವ ಹೊತ್ತಿನಲ್ಲಿ. ರೋಗಿ ಎದ್ದು ಓಡಾಡುವಾಗ ನಾಡಿ ಹಿಡಿದಿದ್ದೆ. ಗಾಡಿಯನ್ನು ನನ್ನಲ್ಲಿಗೆ ತರಿಸುವುದು ಬೇಡ, ನಾನೇ ಅದರ ಚಳಿಗೆ ಹೋಗಬೇಕು ಎಂದು ನಿಶ್ಚಯಿಸಿದೆ. ಸಂಜೆ ಬನಹಟ್ಟಿಗೆ ಹೋಗುವ ಗಾಡಿ ಹಿಡಿದು, ಅಲ್ಲಿಂದ ಚಕ್ಕಡಿಯಲ್ಲಿ ತೇರದಾಳ ಸೇರಿದೆ. ಡ್ರೈವರನಿಗೆ ಬೆಳಕು ಹರಿಯುವ ಮುನ್ನ ಬಾ ಎಂದು ಹೇಳಿ ಕಳಿಸಿದೆ. ಕರೆದದ್ದು ನಂಬಿಕೆಯಿಂದಲ್ಲ, ಕಣ್ಣೆದುರಿಗೆ ಇರಲಿ ಎಂದು.

ಮುಂಜಾನೆ ಬಾಯಿಂದ ಹೊಗೆ ಬರುವಷ್ಟು ಚಳಿ. ಗಾಡಿ ಬಯಲಲ್ಲೇ ನಿಂತಿತ್ತು, ತಗಡಿನ ಮೇಲೆ ಮಂಜು. ಸಾವಕಾರರು ಬಸದಿಗೆ ಹೋಗಿದ್ದರು. ಅವರ ತಮ್ಮ ಎಂದಿನಂತೆ ಹ್ಯಾಂಡಲ್ ಹಾಕಿ ಎಂಜಿನ್ ಚಾಲೂ ಮಾಡಲು ಹೊರಟಾಗ ತಡೆದೆ. ಎಂಜಿನ್ ಕಾದರೆ ಅದಕ್ಕೆ ಅಂಟಿಕೊಂಡೇ ಇರುವ ಪೆಟ್ಟಿಗೆಯೂ ಕಾಯುತ್ತದೆ. ಲಾಟೀನು ಹಿಡಿದು ಮೊದಲು ನನ್ನ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದೆ. ಒಂದೂ ಮುರಿದಿರಲಿಲ್ಲ. ಯಾರೂ ಏನನ್ನೂ ಮುಟ್ಟಿಲ್ಲ. ಖರೆ ಹೇಳಬೇಕೆಂದರೆ ನನಗೆ ಬೇಸರವಾಯಿತು. ಹಿಡಿಯಲು ಒಬ್ಬ ಕಳ್ಳನೂ ಉಳಿಯಲಿಲ್ಲ.

"ಹತ್ತಪಾ, ತಿರುವು" ಎಂದೆ ಡ್ರೈವರನಿಗೆ. ಅವನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಚಕ್ರ ಗೇಣು ಬಂದು ನಿಂತಿತು. ನಾನೂ ಹತ್ತಿ ಜಗ್ಗಿದೆ, ರಟ್ಟೆ ನೊಂದಿತು. ಅವನು ಎಂಟು ದಿನ ಹೇಳಿದ ಮಾತು ಅಕ್ಷರಶಃ ಸರಿಯಿತ್ತು.

ಇನ್ನು ಬಿಗಿ ಗಾಲಿಯ ಕಡೆಗೋ ಪೆಟ್ಟಿಗೆಯ ಕಡೆಗೋ ನೋಡಬೇಕು. ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನು ಎತ್ತಿ, ಪೆಟ್ಟಿಗೆಯಿಂದ ಗಾಲಿಗೆ ಹೋಗುವ ಉದ್ದ ಸಲಾಕೆಯನ್ನು ಕಳಚಿದೆ. ಗಾಲಿಯನ್ನು ಕಾಲಿನಿಂದ ನೂಕಿದೆ, ತೊಟ್ಟಿಲಿನಂತೆ ಆಡಿತು. ಡ್ರೈವರ್ ಮತ್ತೆ ಚಕ್ರ ತಿರುವಿದ. ಗಾಲಿಯ ಭಾರವೇ ಇಲ್ಲ, ಆದರೂ ಅಷ್ಟೇ ಬಿಗಿ. ಅಂದರೆ ರೋಗ ಪೆಟ್ಟಿಗೆಯಲ್ಲಿದೆ. ಬಿರಡೆ ತೆಗೆದು ಒಂದು ತಂತಿ ಚುಚ್ಚಿ ಕೈಬಿಟ್ಟೆ. ತಂತಿ ಬೀಳಲಿಲ್ಲ, ನೆಟ್ಟಗೆ ನಿಂತುಕೊಂಡಿತು.

ಕೆಳಗಿನ ಬಿರಡೆಯನ್ನೂ ತೆಗೆದೆ. ಒಂದು ಹನಿ ಇಳಿಯಲಿಲ್ಲ. ಚಮಚದ ಹಿಡಿಯಿಂದ ಕೆರೆದಾಗ ಬೂದಿ ಬಣ್ಣದ ಹೆಪ್ಪು ತುಪ್ಪದಂತೆ ಎದ್ದು ಬಂತು. ಅಂಗೈಯಲ್ಲಿಟ್ಟು ಮುಷ್ಟಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಿಂದ ತೆಳ್ಳಗೆ ಸೋರಿತು. ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ! ಅಂದು ನಾನು ಗದರಿಸಿದ್ದ ತಲೆಯದಲ್ಲ ಆ ವಾಸನೆ.

ಈಗ ಸಿಕ್ಕ ಎಂದುಕೊಂಡೆ. ಪೆಟ್ಟಿಗೆಗೆ ಕೊಬ್ಬರಿ ಎಣ್ಣೆ ಸುರಿದವನೊಬ್ಬ ಇರಲೇಬೇಕು. ಡ್ರೈವರನ ಮುಖ ನೋಡಿದೆ, ಅವನು ನನ್ನಷ್ಟೇ ಬೆರಗಾಗಿದ್ದ. ತಮ್ಮನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಅಷ್ಟರಲ್ಲಿ ಸಾವಕಾರರು ಬಸದಿಯಿಂದ ಬಂದರು, ಹಣೆಯಲ್ಲಿ ಗಂಧ ಇನ್ನೂ ಹಸಿಯಾಗಿತ್ತು.

"ಇದನ್ನ ಯಾರ ಹಾಕಿದ್ರಿ?" ಅಂಗೈ ಮುಂದೆ ಹಿಡಿದು ಕೇಳಿದೆ.

"ನಾನ ಹಾಕೇನಿ" ಎಂದರು ಅವರು, ಏನೂ ವಿಶೇಷವಿಲ್ಲವೆಂಬಂತೆ. "ಭಾದ್ರಪದದಾಗ, ನಮ್ಮ ಪರ್ವ ಮುಗದ ಮರುದಿನಾ. ಡ್ರೈವರ್ ಊರಿಗೆ ಹೋಗಿದ್ದ. ನಾನೂ ತಮ್ಮನೂ ಕೂಡಿ ಹಳೇದ್ನೆಲ್ಲ ತಗದು, ಚಿಮಣಿ ಎಣ್ಣ್ಯಾಗ ತೊಳದು, ದೇವರ ದೀಪಕ್ಕ ತಂದಿದ್ದ ಶುದ್ಧ ಕೊಬ್ಬರಿ ಎಣ್ಣಿ ತುಂಬಿದ್ವಿ. ಗೇರಿಂದು, ಅಚ್ಚಿಂದು, ಉಳಿದ ಪೆಟಗಿ ಬಿಚ್ಚಾಕ ನಮಗ ಬರಲಿಲ್ಲ, ನಿಮ್ಮ ಕಡೆ ತರಾವಿದ್ದೆ."

"ಅಲ್ರಿ, ಹಂಗ್ಯಾಕ ಮಾಡಿದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವ ಹೇಳಿದ್ರೆಲ್ಲ ಮಿಸ್ತ್ರಿ? ಆ ದಪ್ಪ ಎಣ್ಣಿ ಪ್ರಾಣಿ ಕೊಬ್ಬು ಕಾಸಿ ಮಾಡತಾರ ಅಂತ."

ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಅದೇ ಪೆಟ್ಟಿಗೆಗೆ ಎಣ್ಣೆ ಹಾಕುತ್ತಿದ್ದೆ. ಸಾವಕಾರರು ಪಕ್ಕ ನಿಂತು, ಇದೇನಿಷ್ಟು ದಪ್ಪ ಎಂದು ಕೇಳಿದ್ದರು. ಅವರ ಮುಖ ಹೇಗಾಗುತ್ತದೆ ನೋಡೋಣ ಎಂಬ ಚೇಷ್ಟೆಗೆ ಹಾಗೆ ಹೇಳಿದ್ದೆ. ಯಾವುದೋ ಗ್ರೀಸಿನಲ್ಲಿ ಕೊಬ್ಬು ಇರುತ್ತದೆಂದು ಯಾರಿಂದಲೋ ಕೇಳಿದ್ದೆ, ಆ ಡಬ್ಬಿಯ ಎಣ್ಣೆಯ ವಿಷಯ ನನಗೆ ಏನೇನೂ ಗೊತ್ತಿರಲಿಲ್ಲ. ಅವರ ಮುಖ ಬಿಳಿಚಿತ್ತು, ನಾನು ಒಳಗೊಳಗೇ ನಕ್ಕು ಮರೆತುಬಿಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾದ್ರಪದದಿಂದ ಕಾರ್ತಿಕದವರೆಗೆ ಬೆಚ್ಚಗಿನ ಹವೆಯಲ್ಲಿ ಆ ಎಣ್ಣೆ ನೀರಿನಂತಿತ್ತು, ಯಾರಿಗೂ ತೊಂದರೆಯಾಗಲಿಲ್ಲ. ಚಳಿ ಬಿದ್ದ ಮೇಲೆ ರಾತ್ರಿಯಿಡೀ ಹೆಪ್ಪುಗಟ್ಟಿ ಹಲ್ಲುಗಳನ್ನು ಕಚ್ಚಿ ಹಿಡಿಯುತ್ತಿತ್ತು. ಎಂಜಿನ್ನಿನ ಕಾವು ತಾಗಿ ರಬಕವಿ ದಾಟುವ ಹೊತ್ತಿಗೆ ಕರಗುತ್ತಿತ್ತು. ಮೂರು ತಿಂಗಳು ಸರಿಯಾಗಿ ನಡೆದದ್ದರಿಂದ ಸಾವಕಾರರಿಗೆ ಅದರ ಮೇಲೆ ಸಂಶಯ ಬರಲಿಲ್ಲ, ಆಳಿನ ಮೇಲೆ ಬಂತು.

"ಬುಶಿಗೆ ಏನ ತುಂಬಿದ್ರಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಗ್ರೀಸ್" ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಅದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಔಡಲ ಎಣ್ಣೆ, ಅಂದರೆ ಹರಳೆಣ್ಣೆಯೂ ಗಿಡದ್ದೇ, ಆದರೆ ದಪ್ಪ, ಈ ಸೀಮೆಯ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಪೆಟ್ಟಿಗೆಯನ್ನೂ ಬುಶ್‌ಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅದನ್ನೇ ತುಂಬಿದೆ. ಸಾವಕಾರರು ತಾವೇ ಎಣ್ಣೆಯ ಗಿಂಡಿ ಹಿಡಿದು ನಿಂತರು. ಮರುದಿನದ ಮುಂಜಾನೆ ಇನ್ನೂ ಹೆಚ್ಚಿನ ಚಳಿ. ಚಕ್ರ ಒಂದು ಕೈಗೆ ತಿರುಗಿತು. ಸಾವಕಾರರ ತಮ್ಮ ಹಳ್ಳದ ತಿರುವಿನವರೆಗೆ ಹೋಗಿ ಬಂದ, ತಿರುವಿದ ಗಾಲಿ ತಾನಾಗಿ ನೆಟ್ಟಗಾಗುತ್ತಿತ್ತು.

ಗಾಡಿಯ ಕೆಲಸ ಮುಗಿಯಿತು, ಕಾಗದದ್ದು ಉಳಿಯಿತು. ಸಾವಕಾರರು ಪಡಸಾಲೆಯಲ್ಲಿ ಕೂಡಿಸಿ, "ಮಿಸ್ತ್ರಿ, ಬುಶ್ ಸವದಿತ್ತು ಅಂತ ಬರೀರಿ. ಅದೂ ಖರೇನ ಐತೆಲ್ಲ? ನಿಮಗೂ ಛಲೋ, ನನಗೂ ಛಲೋ" ಎಂದರು. ಆಸೆಯಾಯಿತು, ಇಲ್ಲವೆನ್ನಲಾರೆ. ಆದರೆ ಬುಶ್ ಬದಲಿಸಿದ ಮೇಲೂ ಗಾಡಿ ಕಟ್ಟೆಗೆ ಹಾಯ್ದದ್ದು ಊರಿಗೇ ಗೊತ್ತಿತ್ತು. ಫೌಜದಾರರು ಅದನ್ನು ಕೇಳಿಯೇ ಕೇಳುತ್ತಾರೆ. ಆಗ ರಾತ್ರಿ ಬಂದು ಕೈಯಾಡಿಸಿದ ಆಳಿನ ಕಥೆ ಮತ್ತೆ ಎದ್ದು ನಿಲ್ಲುತ್ತದೆ, ಬಿಲ್ಲೆ ಹೋಗುತ್ತದೆ. ಹೊರಗೆ ಡ್ರೈವರ್ ಗಾಡಿ ಒರೆಸುತ್ತಿದ್ದ, ಯಾರೂ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಯಾವ ಎಣ್ಣೆ, ಏಕೆ ಹಾಕಿದರು, ಆ ಮಾತು ಹೇಳಿದವರು ಯಾರು, ಎಲ್ಲವನ್ನೂ. ಓದಿ ಹೇಳಿದಾಗ ಸಾವಕಾರರು "ಆತು" ಎಂದು ಕೆಳಗೆ ತಮ್ಮ ರುಜು ಹಾಕಿದರು.

ತೇರದಾಳದ ಕಚೇರಿಯಲ್ಲಿ ಫೌಜದಾರರು ಕಾಗದವನ್ನು ಎರಡು ಸಲ ಓದಿದರು. "ಅಂದ್ರ ಗಾಡಿದೂ ಅಲ್ಲ, ಡ್ರೈವರಂದೂ ಅಲ್ಲ. ನಿನ್ನ ನಾಲಿಗಿದ್ದು" ಎಂದರು. ಹೌದು ಎಂದೆ. ತೋಳು ಮುರಿದ ವ್ಯಾಪಾರಿಯ ಔಷಧದ ಹೊಣೆಯನ್ನು ಸಾವಕಾರರಿಗೂ ನನಗೂ ಹಂಚಿದರು. ಇನ್ನೊಂದು ವರ್ಷ ಯಾವ ಗಾಡಿಗೂ ಯೋಗ್ಯತೆಯ ಚೀಟಿ ನಾನು ಬರೆಯಕೂಡದು ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ರುಜು ಮಾಡಲು ಬರುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ. ಆಮೇಲೆ ಮೇಜಿನ ಖಾನೆ ಎಳೆದು ಬಿಲ್ಲೆಯನ್ನು ಡ್ರೈವರನ ಕೈಗೆ ಕೊಟ್ಟರು.

ಹೊರಗೆ ಬಂದ ಮೇಲೆ ಅವನು ಅದನ್ನು ಧೋತರದ ಚುಂಗಿನಿಂದ ಒರೆಸಿದ. ಅವನೇ ಮೊದಲು ಹೇಳಿದ.

"ಮಿಸ್ತ್ರಿ, ಸಿಟ್ಟಾಗಬ್ಯಾಡ್ರಿ. ಮೊದಲನೇ ದಿನದಿಂದ ನನಗ ನಿಮ್ಮ ಮ್ಯಾಲೇ ಸಂಶೆ ಇತ್ತು. ಆ ಪೆಟಗಿ ಮುಟ್ಟಾವ್ರು ನೀವೊಬ್ರ ಇದ್ರೆಲ್ರಿ ಅಂತ."

ನಾನು ದಂಗಾದೆ. "ಮತ್ತ ಫೌಜದಾರ್ರು ಅಷ್ಟ ಸಲ ಕೇಳಿದಾಗ ಯಾಕ ಹೇಳಲಿಲ್ಲಪಾ?"

"ಕಣ್ಣಿಲೆ ಕಂಡಿರಲಿಲ್ಲೆಲ್ರಿ" ಎಂದ.

ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಗಾಡಿ ಹತ್ತಿ ಕೂತ. ನಾನು ರಸ್ತೆಯಲ್ಲೇ ನಿಂತಿದ್ದೆ. ಅವನು ಕಿಟಕಿಯಿಂದ ತಲೆ ಹಾಕಿ, "ಹತ್ರಿ, ಹೊತ್ತಾತು. ಜಮಖಂಡಿಗೆ ಬಿಡ್ತೇನಿ" ಎಂದ.